ಪರವಾನಗಿ ಕೈಗೆ ಬರುವವರೆಗೆ ಸುತ್ತಿಗೆ ಎತ್ತುವುದಿಲ್ಲ

ಆರು ವರ್ಷಗಳ ಹಿಂದೆ ಮನೆಯ ಕಟ್ಟಡ ಬದಲಾಯಿಸಲು ಪರವಾನಗಿ ಸಿಗದೆ ಕೆಲಸ ಶುರು ಮಾಡುವುದಿಲ್ಲ ಎಂದು ನಾನು ಪಟ್ಟು ಹಿಡಿದಾಗ ಜೊತೆಯ ಗುತ್ತಿಗೆದಾರರು ತಲೆ ಅಲ್ಲಾಡಿಸಿದ್ದರು. ಒಂದು ಗೋಡೆ ತೆಗೆಯಲು ನಕ್ಷೆ, ಎಂಜಿನಿಯರ್ ಸಹಿ, ಶುಲ್ಕ ಎಂದರೆ ಮೂಗಿಗಿಂತ ಮೂಗುತಿ ಭಾರ ಎಂಬುದು ಅವರ ಮಾತು. ಕಳೆದ ತಿಂಗಳು ಅವರಲ್ಲೊಬ್ಬರು ಫೈಲ್ ಹಿಡಿದು ನನ್ನ ಬಳಿಗೇ ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೈ ಸುಟ್ಟುಕೊಂಡದ್ದು ಅಡುಗೆಮನೆ ಮತ್ತು ಹಾಲ್ ಒಂದು ಮಾಡುವ ಕೆಲಸದಲ್ಲಿ. ಭಾರ ಹೊರುವ ಗೋಡೆ ತೆಗೆದು, ಬೀಮ್ ಹಾಕಿ, ಬಣ್ಣವನ್ನೂ ಬಳಿದುಕೊಟ್ಟೆವು. ಪರವಾನಗಿ ಕೇಳಿರಲಿಲ್ಲ. ಎರಡು ವರ್ಷಗಳ ನಂತರ ಮಾಲೀಕರು ಮನೆ ಮಾರಲು ಹೊರಟಾಗ, ಕೊಳ್ಳುವವರ ಬ್ಯಾಂಕಿನಿಂದ ಬಂದವರು ಮಂಜೂರಾದ ನಕ್ಷೆ ಬಿಡಿಸಿ, ಇಲ್ಲದ ಗೋಡೆಯ ಗೆರೆಯ ಮೇಲೆ ಬೆರಳಿಟ್ಟರು. ಸಾಲ ನಿಂತಿತು. ಸಕ್ರಮಕ್ಕೆ ಅರ್ಜಿ ಹಾಕಿದರೆ, ಬೀಮಿನ ಒಳಗಿನ ಕಂಬಿ ತೋರಿಸಿ ಎಂದರು ಪರವಾನಗಿ ಕೊಡುವ ಕಚೇರಿಯವರು.

ಬೀಮಿನ ತಳವನ್ನು ಮೂರು ಕಡೆ ಉಳಿ ಹಿಡಿದು ಒಡೆದೆವು. ಎರಡು ಕಡೆ ಸರಿಯಿತ್ತು. ಮೂರನೆಯದರಲ್ಲಿ ಪ್ಲಾಸ್ಟರ್ ಉದುರುತ್ತಿದ್ದಂತೆಯೇ ಕಂಬಿ ಕಂಡಿತು, ಮೈತುಂಬ ಕಂದು ಪುಡಿ. ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಅಂದರೆ ಕವರ್, 25 ಮಿಲಿಮೀಟರ್ ಇರಬೇಕಾದಲ್ಲಿ ಐದಾರು ಇತ್ತೋ ಏನೋ. ಆ ಅಂತರ ಉಳಿಸಲು ಕಂಬಿಯ ಕೆಳಗಿಡುವ ಕವರ್ ಬ್ಲಾಕ್ ಜಾರಿದ್ದನ್ನು ಯಾರೂ ನೋಡಿರಲಿಲ್ಲ. ಕಾಂಕ್ರೀಟಿಗೆ ಮುಂಚೆ ಒಬ್ಬ ಪರಿಶೀಲಕರು ಬಂದಿದ್ದರೆ ಐದು ನಿಮಿಷದ ಕೆಲಸ. ಮೇಲಿನ ಭಾರಕ್ಕೆ ಜಾಕ್ ಕೊಟ್ಟು ಬೀಮ್ ಬದಲಿಸಿದ್ದು ಪೂರ್ತಿ ನನ್ನ ಕೈಯ ದುಡ್ಡಿನಿಂದ. ಮೊದಲ ಕೆಲಸದ ಒಂದೂವರೆ ಪಟ್ಟು ಹೋಯಿತು, ದಂಡ ಬೇರೆ. ಮೊದಲೇ ಪರವಾನಗಿ ಪಡೆದಿದ್ದರೆ, ನೆನಪಿರುವಂತೆ, ಕೆಲಸದ ಮೊತ್ತದಲ್ಲಿ ನೂರಕ್ಕೆ ನಾಲ್ಕೈದು ಆಗುತ್ತಿತ್ತು.

ಈಗ ಅಂದಾಜುಪಟ್ಟಿಯ ಮೊದಲ ಸಾಲೇ ಪರವಾನಗಿ. ಮೊದಲ ವರ್ಷ ಅರ್ಧದಷ್ಟು ಗಿರಾಕಿಗಳು ಅದನ್ನು ಓದಿಯೇ ಎದ್ದು ಹೋದರು. ಆ ವರ್ಷ ಸಾಲ ಮಾಡಿ ಆಳುಗಳಿಗೆ ಕೂಲಿ ಕೊಟ್ಟಿದ್ದೇನೆ. ಆಮೇಲೆ ಮೂವತ್ತು ಮೂವತ್ತೈದು ಕೆಲಸ ಮುಗಿಸಿದೆ, ಒಂದಕ್ಕೂ ಕೆಲಸ ನಿಲ್ಲಿಸುವ ನೋಟಿಸ್ ಬಂದಿಲ್ಲ. ಅರ್ಜಿ ಒಮ್ಮೆಯೂ ಹಿಂದಿರುಗದಂತೆ ಫೈಲನ್ನು ಹೇಗೆ ಜೋಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ಹಳೆಯ ಕೆಲಸವನ್ನು ಒಡೆಯದೆ ಸಾಬೀತು ಮಾಡಬಹುದೇ ಎಂದು, ಕಾಂಕ್ರೀಟಿಗೆ ಬಡಿದು ಪುಟಿತ ಅಳೆಯುವ ರಿಬೌಂಡ್ ಹ್ಯಾಮರ್ ಕೂಡ ತಂದು ನೋಡಿದೆ. ಅದು ಹೇಳುವುದು ಮೇಲ್ಮೈಯ ಗಡಸುತನವನ್ನು. ಒಳಗೆ ಕಂಬಿ ಎಷ್ಟಿದೆ ಎಂದು ಹೇಳುವುದಿಲ್ಲ. ಕಾಂಕ್ರೀಟ್ ಹಾಕುವ ಮೊದಲು ಕಂಬಿಗೆ ಟೇಪ್ ಹಿಡಿದು, ಅಂಕಿ ಕಾಣುವಂತೆ ತೆಗೆದ ಫೋಟೊ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಪೈಪ್, ವೈರಿಂಗ್ ಮುಚ್ಚುವ ಮೊದಲೂ ಹಾಗೆಯೇ ತೆಗೆಯುತ್ತೇನೆ.

ಕಳೆದ ತಿಂಗಳು ಬಂದವರ ಫೈಲಿನಲ್ಲಿದ್ದದ್ದು ಪಕ್ಕದಲ್ಲಿ ಬಿಡಬೇಕಾದ ಖಾಲಿ ಜಾಗವನ್ನು ಒಂದೂವರೆ ಅಡಿ ನುಂಗಿದ ಕೋಣೆ. ಅದು ಸಕ್ರಮವಾಗುವಂಥದ್ದಲ್ಲ. ಎಂಜಿನಿಯರ್ ಕರೆದುಕೊಂಡು ಹೋದೆ. ಅವರು ಸ್ಲ್ಯಾಬಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆ ಗೆರೆಯಿಂದಾಚೆಗಿನದನ್ನು ಸೋಮವಾರದಿಂದ ಒಡೆಯುತ್ತಿದ್ದೇವೆ, ಪರವಾನಗಿ ಪಡೆದೇ.