ಜುಡಿತ್‌ಳ ತೋಳುಗಳನ್ನು ಬರೆಯುತ್ತಾ

ಹದಿನೇಳನೇ ಶತಮಾನದ ಇಟಲಿಯ ಕಲಾವಿದೆ ಆರ್ತೆಮೀಸಿಯಾ ಜೆಂಟಿಲೆಸ್ಕಿಯ ಜುಡಿತ್ ಚಿತ್ರವನ್ನು ನಕಲು ಮಾಡುತ್ತೇನೆ ಎಂದಾಗ ಸ್ನೇಹಿತರೆಲ್ಲ ಕೇಳಿದ್ದು ಒಂದೇ, ಅಷ್ಟೊಂದು ರಕ್ತ ಇರೋ ಚಿತ್ರ ಯಾಕೆ ಅಂತ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ತೋಳುಗಳು. ಒಂದೇ ತಲೆಯ ಕಡೆಗೆ ಚಾಚಿರುವ ಇಬ್ಬರು ಹೆಂಗಸರ ತೋಳುಗಳು, ಅವನ್ನು ತಳ್ಳಲು ಹೆಣಗುವ ಗಂಡಸಿನ ತೋಳು.

ಕಥೆ ಕ್ಯಾಥೊಲಿಕ್ ಬೈಬಲ್‌ನಲ್ಲಿದೆ. ದಂಡನಾಯಕ ಹೊಲೊಫರ್ನೆಸ್ ಬೆಥೂಲಿಯ ಎಂಬ ಊರಿಗೆ ಮುತ್ತಿಗೆ ಹಾಕಿ ನೀರು ನಿಲ್ಲಿಸುತ್ತಾನೆ. ಊರಿನ ಹಿರಿಯರು ಶರಣಾಗಲು ಹೊರಟಾಗ ಜುಡಿತ್ ಎಂಬ ವಿಧವೆ ಅವನ ಬಿಡಾರಕ್ಕೇ ಹೋಗಿ, ಕುಡಿದು ಬಿದ್ದವನ ತಲೆ ಕಡಿಯುತ್ತಾಳೆ. ಮೂಲ ಕಥೆಯಲ್ಲಿ ದಾಸಿ ಹೊರಗೆ ಕಾಯುತ್ತಿರುತ್ತಾಳೆ. ಸುಮಾರು 1599ರಲ್ಲಿ ಚಿತ್ರಕಾರ ಕಾರವಾಜ್ಜೊ ತನ್ನ ಚಿತ್ರದಲ್ಲಿ ಅವಳನ್ನು ಒಳಗೆ ತಂದ, ಆದರೆ ಬಟ್ಟೆ ಹಿಡಿದು ನೋಡುತ್ತಾ ನಿಂತ ಮುದುಕಿಯಾಗಿ. ಅವನ ಜುಡಿತ್ ಕತ್ತಿಯನ್ನು ಮೈಯಿಂದ ದೂರ ಹಿಡಿದು ಹಿಂದಕ್ಕೆ ವಾಲುತ್ತಾಳೆ. ಹಾಗೆ ಹಿಡಿದರೆ ಕುತ್ತಿಗೆ ಕುಯ್ಯಲು ಆಗುತ್ತದೆಯೇ ಎಂದು ಆ ಚಿತ್ರ ನೋಡಿದಾಗಲೆಲ್ಲ ನನಗೆ ಅನಿಸಿದೆ. ಆರ್ತೆಮೀಸಿಯಾ ದಾಸಿಗೆ ಹರೆಯ ಕೊಟ್ಟು ಕೆಲಸಕ್ಕೇ ಹಚ್ಚಿದಳು.

ಅವಳು ಈ ದೃಶ್ಯವನ್ನು ಎರಡು ಸಲ ಬರೆದಿದ್ದಾಳೆ; ಫ್ಲಾರೆನ್ಸ್‌ನ ಉಫೀತ್ಸಿ ಸಂಗ್ರಹಾಲಯದಲ್ಲಿರುವ, ಸುಮಾರು 1620ರ ಚಿತ್ರವನ್ನು ನಾನು ಆರಿಸಿಕೊಂಡೆ. ನೇಪಲ್ಸ್‌ನ ಕಾಪೊದಿಮೊಂತೆ ಸಂಗ್ರಹಾಲಯದಲ್ಲಿರುವುದು ಇದಕ್ಕಿಂತ ಹಳೆಯದು. ಚೌಕಳಿ ಹಾಕಿ ರೇಖೆ ಇಳಿಸುವ ಮುಂಚೆ ಭಾರ ಎಲ್ಲಿ ಬೀಳುತ್ತದೆ ಎಂದು ತಿಳಿಯಬೇಕಿತ್ತು. ತಮ್ಮನನ್ನು ಮಂಚದ ಮೇಲೆ ಮಲಗಿಸಿ, ನಿಜವಾಗಿಯೂ ಕೊಸರಾಡು ಎಂದೆ. ತಂಗಿ ದಾಸಿಯ ಜಾಗದಲ್ಲಿ, ಅವಳ ಗೆಳತಿ ಜುಡಿತ್ ಜಾಗದಲ್ಲಿ. ಸ್ವಲ್ಪ ಹೊತ್ತಿಗೇ ತಂಗಿ, "ಅಕ್ಕಾ, ಮೊಣಕೈ ಮಡಿಸಿದ್ರೆ ಇವನು ಎದ್ದೇಬಿಡ್ತಾನೆ" ಎಂದಳು. ಚಿತ್ರದಲ್ಲೂ ದಾಸಿಯ ತೋಳು ನೆಟ್ಟಗಿದೆ, ಮೈಭಾರವೆಲ್ಲ ಮೇಲಿನಿಂದ ಇಳಿಯುತ್ತದೆ. ತಮ್ಮನ ಮುಷ್ಟಿ ಬಂದು ತಾಗಿದ್ದು ಅವಳ ಗದ್ದದ ಕೆಳಗೆ. ಹೊಲೊಫರ್ನೆಸ್‌ನ ಮುಷ್ಟಿ ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ.

ಬಣ್ಣಕ್ಕೆ ಬಂದರೆ, ಮೊದಲು ಇಡೀ ಕ್ಯಾನ್ವಾಸಿಗೆ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ತೆಳುವಾಗಿ ಬಳಿದೆ. ನೆರಳಿರುವ ಕಡೆ ಆ ಕಂದು ಬಣ್ಣವನ್ನೇ ಉಳಿಸಿಕೊಂಡು, ಬೆಳಕು ಬೀಳುವ ಚರ್ಮಕ್ಕೆ ಮಾತ್ರ ದಪ್ಪ ಬಣ್ಣ ಹಾಕಿದೆ. ಆಗಿನವರು ಬಳಸುತ್ತಿದ್ದ ಸೀಸದ ಬಿಳಿ ವಿಷ, ಅದರ ಬದಲು ಟೈಟೇನಿಯಂ ವೈಟ್. ಅದು ತಣ್ಣಗೆ ಕಾಣುವುದರಿಂದ ಯೆಲ್ಲೊ ಓಕರ್ ಸ್ವಲ್ಪ ಹೆಚ್ಚೇ ಬೇಕಾಯಿತು.

ಜುಡಿತ್‌ಳ ಹಳದಿ ರೇಷ್ಮೆಯ ತೋಳು ಮೇಲಕ್ಕೆ ಸರಿದಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಸಿನಹಣ್ಣು ಬಿಡಿಸಲು ಕೂತವಳ ಹಾಗೆ. ಮುಂದೋಳು ಗಟ್ಟಿ. ಎಡಗೈ ಅವನ ಕೂದಲನ್ನು ಹಿಡಿದು ತಲೆಯನ್ನು ಹಾಸಿಗೆಗೆ ಒತ್ತಿದೆ, ಬಲಗೈಯಲ್ಲಿ ಕತ್ತಿ. ಮುಖಕ್ಕೆ ಬಂದಾಗ ಕುಂಚ ನಿಂತಿತು. ಅಲ್ಲಿ ಕಿರುಚಾಟವಿಲ್ಲ, ಹಲ್ಲು ಕಡಿಯುವುದಿಲ್ಲ. ಹುಬ್ಬುಗಳ ನಡುವೆ ಗಂಟು, ಕೆಲಸದ ಮೇಲೆ ನಾಟಿದ ಕಣ್ಣು. ಆ ಗಂಟಿಗೆ ಒಂದು ಗೆರೆ ಜಾಸ್ತಿಯಾದರೂ ಅವಳು ರಾಕ್ಷಸಿಯಾಗುತ್ತಾಳೆ, ಕಡಿಮೆಯಾದರೆ ಬೊಂಬೆ. ಸಿಟ್ಟನ್ನು ಇಷ್ಟು ಹತೋಟಿಯಲ್ಲಿಟ್ಟು ಬರೆದವರನ್ನು ನಾನು ಬೇರೆ ಕಂಡಿಲ್ಲ. ರಕ್ತವನ್ನು ಕೊನೆಗೆ ಕ್ರಿಮ್ಸನ್‌ನ ತೆಳು ಪದರಗಳಲ್ಲಿ ತಂದೆ: ಹಾಸಿಗೆಯ ಮಡಿಕೆಗಳಲ್ಲಿ ಇಳಿಯುವುದು, ಬಿಲ್ಲಿನಂತೆ ಚಿಮ್ಮುವುದು, ಅವಳ ಎದೆಯ ಮೇಲಿನ ಹನಿಗಳು.

ಈ ಚಿತ್ರವನ್ನು ಸೇಡು ಎಂದಷ್ಟೇ ಹೇಳಿ ಮುಗಿಸುವವರ ಜೊತೆ ನನಗೆ ಜಗಳವಿದೆ. 1611ರಲ್ಲಿ ಅಗೊಸ್ತೀನೊ ತಾಸ್ಸಿ ಎಂಬ ಚಿತ್ರಕಾರ ಆರ್ತೆಮೀಸಿಯಾಳ ಮೇಲೆ ಅತ್ಯಾಚಾರ ಮಾಡಿದ್ದು ನಿಜ. ಮರುವರ್ಷ ವಿಚಾರಣೆಯಲ್ಲಿ, ಸತ್ಯ ಹೇಳುತ್ತಾಳೋ ಎಂದು ಪರೀಕ್ಷಿಸಲು ಅವಳ ಬೆರಳುಗಳಿಗೇ ಹಗ್ಗ ಸುತ್ತಿ ಬಿಗಿದರು. ಕುಂಚ ಹಿಡಿಯುವ ಬೆರಳುಗಳಿಗೆ! ಅವಳು ನಿಜ, ನಿಜ ಎನ್ನುತ್ತಲೇ ಇದ್ದಳು. ಆದರೆ ಹದಿನೇಳರ ಹರೆಯದಲ್ಲಿ, ಅಂದರೆ 1610ರಲ್ಲೇ, ಮುದುಕರ ಕಾಟಕ್ಕೆ ಮೈ ತಿರುಚಿ ಕೈ ಅಡ್ಡ ಹಿಡಿಯುವ, ಬೈಬಲ್ ಕಥೆಯ ಸುಸನ್ನಾಳನ್ನು ಬರೆದವಳೂ ಇವಳೇ. 1616ರಲ್ಲಿ ಫ್ಲಾರೆನ್ಸ್‌ನ ಚಿತ್ರಕಲಾ ಅಕಾಡೆಮಿಗೆ ಸೇರಿದ ಮೊದಲ ಹೆಂಗಸೂ ಇವಳೇ. ಆ ತೋಳುಗಳಿಗೆ ನೋವಿನಷ್ಟೇ ವಿದ್ಯೆಯೂ ಬೇಕು. ಅದನ್ನು ನಕಲು ಮಾಡಿದವರ ಕೈಗೆ ಗೊತ್ತು.

ಜುಡಿತ್ ಫ್ಲಾರೆನ್ಸಿಗೆ ಹೊಸಬಳೂ ಅಲ್ಲ. ಊರನ್ನು ಆಳುತ್ತಿದ್ದ ಮೆದಿಚಿ ಮನೆತನವನ್ನು ಓಡಿಸಿದ ಮೇಲೆ, 1495ರಲ್ಲಿ, ಶಿಲ್ಪಿ ದೊನಾತೆಲ್ಲೊನ ಜುಡಿತ್ ವಿಗ್ರಹವನ್ನು ಸರಕಾರದ ಅರಮನೆಯ ಮುಂದೆ ನಿಲ್ಲಿಸಿದ್ದರು, ದಬ್ಬಾಳಿಕೆ ಮಾಡುವವರಿಗೆ ಎಚ್ಚರಿಕೆಯಾಗಿ. 1504ರಲ್ಲಿ ಮೈಕೆಲೇಂಜಲೊನ ದಾವೀದನ ವಿಗ್ರಹಕ್ಕಾಗಿ ಅವಳನ್ನು ಅಲ್ಲಿಂದ ಎತ್ತಿದರು. ಹೆಂಗಸು ಗಂಡಸನ್ನು ಕೊಲ್ಲುವುದು ಶೋಭಿಸುವುದಿಲ್ಲ ಎಂಬ ವಾದ ಆಗ ಸಭೆಯಲ್ಲೇ ಬಂದಿತ್ತು.

ಈಗ ಎಲಿಜಬೆತ್ತಾ ಸಿರಾನಿ ಎಂಬ ಇಟಲಿಯ ಇನ್ನೊಬ್ಬ ಕಲಾವಿದೆಯ 1659ರ ತಿಮೊಕ್ಲಿಯಾ ಚಿತ್ರಕ್ಕೆ ಚೌಕಳಿ ಹಾಕುತ್ತಿದ್ದೇನೆ. ತನ್ನ ಮೇಲೆ ಅತ್ಯಾಚಾರ ಮಾಡಿದ ಅಲೆಗ್ಸಾಂಡರನ ಸೈನ್ಯದ ನಾಯಕನನ್ನು ತಿಮೊಕ್ಲಿಯಾ ತಲೆಕೆಳಗಾಗಿ ಬಾವಿಗೆ ದೂಡುತ್ತಿದ್ದಾಳೆ. ಅಲ್ಲಿ ಕಷ್ಟದ ಜಾಗ ಮೇಲೆದ್ದ ಅವನ ಕಾಲುಗಳು; ತಮ್ಮ ಇನ್ನೂ ಒಪ್ಪಿಲ್ಲ.