ಮಣ್ಣಿನ ಚೀಲದ ಕೋಣೆ: ನೀರು ಕಲಿಸಿದ್ದು

ಕುಷ್ಟಗಿ ಸೀಮೆಯಲ್ಲಿ ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಅದರ ದಿನ್ನೆಯಲ್ಲಿ ಅರ್ಧ ಹುದುಗಿಸಿ ಗುಂಡನೆಯ ಕೋಣೆಯೊಂದನ್ನು ಕಟ್ಟಿದ್ದೇನೆ. ಒಳಗಿನ ಅಗಲ 8 ಅಡಿ, ನೆತ್ತಿಯ ಎತ್ತರ 7 ಅಡಿ. ಇಟ್ಟಿಗೆ ಇಲ್ಲ, ಸರಳಿಲ್ಲ. ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲ, ಸಾಲುಸಾಲಿನ ನಡುವೆ ಎರಡೆಳೆ ಮುಳ್ಳು ತಂತಿ. ಚೀಲ ಜಾರದಂತೆ ಹಿಡಿಯುವುದು ಆ ತಂತಿಯೇ.

ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಾಸ್ತುಶಿಲ್ಪಿ ನಾದರ್ ಖಲೀಲಿ, ಚಂದ್ರನ ಮೇಲೂ ಅಲ್ಲಿಯ ಮಣ್ಣಿನಿಂದಲೇ ಕಟ್ಟಬಹುದೆಂದು 1984ರಲ್ಲಿ ನಾಸಾದ ಸಭೆಯಲ್ಲಿ ಹೇಳಿದ್ದರು. ಚೀಲ ಮತ್ತು ಮುಳ್ಳು ತಂತಿಯ ಈ ಪದ್ಧತಿ ಜಗತ್ತಿಗೆ ಪರಿಚಯವಾದದ್ದು ಮುಖ್ಯವಾಗಿ ಅವರಿಂದ. ಓದಿದಾಗ ನನಗೆ ನೆನಪಾದದ್ದು ಮಾತ್ರ ನಮ್ಮೂರ ಹಗೇವು. ನೆಲದೊಳಗೆ ಗುಳಿ ತೆಗೆದು, ಜೋಳ ಹಾಕಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಅದೇ.

ಮೊದಲು ಮಣ್ಣಿನ ಪರೀಕ್ಷೆ. ಹಸಿ ಮಣ್ಣಿನ ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟೆ. ಪುಡಿಯಾದರೆ ನೀರೋ ಜಿಗಟೋ ಸಾಲದು, ಚಪ್ಪಟೆಯಾಗಿ ನೆಲಕ್ಕಂಟಿದರೆ ನೀರು ಜಾಸ್ತಿ. ನಾಲ್ಕೈದು ಹೋಳಾಗಬೇಕು. ಎರೆ, ಅಂದರೆ ಕಪ್ಪು ಮಣ್ಣಿನ ಹೊಲದವರು ತಮ್ಮ ಮಣ್ಣನ್ನೇ ತುಂಬಬೇಡಿ, ಹರಳು ಬೆರೆತ ಗರಸು ಮಣ್ಣು ತರಿಸಿ. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಂಥ ನೆಲದೊಳಗೆ ಕೋಣೆ ಹುದುಗಿಸುವುದನ್ನಂತೂ ನಾನು ಒಪ್ಪುವುದಿಲ್ಲ.

ತುಂಬಿದ ಚೀಲ ಹೊತ್ತು ತರುವ ಕೆಲಸವಿಲ್ಲ. ಇಡುವ ಜಾಗದಲ್ಲೇ ಚೀಲ ಹಿಡಿದು ಪುಟ್ಟಿಯಿಂದ ತುಂಬಬೇಕು, ಬಾಯಿ ಮಡಚಿ ಹಿಂದಿನ ಚೀಲಕ್ಕೆ ಒತ್ತಿ ಮಲಗಿಸಬೇಕು. ಸಾಲು ಮುಗಿದ ಮೇಲೆ ದಮ್ಮಸು. ಮೊದಲು ಸಪ್ಪಳ ಧಪ್ ಧಪ್ ಎಂದು ಮೆತ್ತಗಿರುತ್ತದೆ. ಹೊಡೆಯುತ್ತ ಹೋದಂತೆ ಕಲ್ಲಿಗೆ ಬಡಿದ ಹಾಗೆ ಠಣಕ್ ಎನ್ನುತ್ತದೆ, ಹಿಡಿಕೆ ಕೈಯಲ್ಲಿ ಪುಟಿಯುತ್ತದೆ. ಅಲ್ಲಿಗೆ ಸಾಕು. ಸಾಲು 5 ಇಂಚಿಗೆ ಕೂತಿರುತ್ತದೆ.

ಬುಡದ ಸಾಲಿಗೆ ನಡುಗೂಟದಿಂದ 4 ಅಡಿ ಸರಪಳಿ. ಮೇಲಿನ ಸಾಲುಗಳು ಒಳಬಾಗಲು ಎದುರು ಗೋಡೆಯ ಬುಡದಿಂದ 8 ಅಡಿ ಸರಪಳಿ ಎಳೆದು, ಚೀಲದ ಒಳ ಅಂಚನ್ನು ಅದರ ತುದಿಗೆ ತಾಗಿಸುತ್ತ ಹೋದೆವು. ನೆತ್ತಿ ತಾನಾಗಿ 7 ಅಡಿಗೆ ಕೂಡಿತು. ಹಾಳಾದವೂ ಸೇರಿ 230 ಚೀಲ ಹಿಡಿದವು. ಹಾಳಾದದ್ದು ನನ್ನ ತಪ್ಪಿನಿಂದ. ಬಿಸಿಲಲ್ಲಿ ಬಿದ್ದಿದ್ದ ಹಳೆಯ ಗೊಬ್ಬರದ ಚೀಲ ತಂದಿದ್ದೆ, ದಮ್ಮಸು ಬೀಳುತ್ತಲೇ ಹಪ್ಪಳದ ಹಾಗೆ ಹರಿದವು. ಆಮೇಲೆ ಅಕ್ಕಿ ಮಿಲ್ಲಿನ ಗಟ್ಟಿ ಚೀಲ ತಂದು, ದಿನಾ ಕೆಲಸ ಬಿಡುವಾಗ ತಾಡಪತ್ರಿ ಹೊದಿಸಿದೆವು.

ದೊಡ್ಡ ತಪ್ಪು ಬೇರೆಯೇ ಇತ್ತು. ಅಗೆಯುವಾಗಲೇ ನಮ್ಮ ಕಾಕಾ ಹೇಳಿದ್ದರು: "ತಮ್ಮಾ, ಗ್ವಾಡಿ ಆಮ್ಯಾಕ ಕಟ್ಟು, ಮೊದ್ಲ ನೀರಿಗೆ ದಾರಿ ಮಾಡು. ಹಗೇವು ತಗ್ಗಿನ್ಯಾಗ ತಗದಿದ್ದು ಎಲ್ಲರ ನೋಡೀಯೇನು?" ನಮ್ಮಲ್ಲಿ ಮಳೆಯೇ ಕಡಿಮೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲದ ಬೆನ್ನಿಗೆ ನೇರ ಮಣ್ಣು ದೂಡಿ ಮುಚ್ಚಿಬಿಟ್ಟೆ. ಹಿಂಗಾರಿ ಮಳೆ ಎರಡು ದಿನ ಹಿಡಿಯಿತು. ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕಪ್ಪು ಗೆರೆ ಮೂಡಿತು, ಮಣ್ಣಿನ ಗಿಲಾವು ಹೆಪ್ಪುಹೆಪ್ಪಾಗಿ ಉದುರಿತು. ಗೋಡೆಗೆ ಒರಗಿಸಿಟ್ಟಿದ್ದ ಸಜ್ಜೆ ಬೀಜಕ್ಕೆ ಬೂಸರು. ಬೀಜ ಹೋದದ್ದು ನನಗೆ ಇಂದಿಗೂ ನೋವು.

ಬೇಸಿಗೆಯಲ್ಲಿ ಹಿಂಬದಿಯ ಮಣ್ಣನ್ನೆಲ್ಲ ತೆಗೆದೆವು. ಗೋಡೆಯ ಬೆನ್ನಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬುಡಕ್ಕಿಂತ ಕೆಳಗೆ ತೂತು ಕೊರೆದ ಪೈಪನ್ನು ಇಳಿಜಾರಿಗೆ ಹಾಸಿ, ಅದರ ಮೇಲೆ ಒಂದಡಿ ಅಗಲ ಖಡಿ ತುಂಬಿ, ಆಮೇಲೆ ಮಣ್ಣು ಮುಚ್ಚಿದೆವು. ದಿನ್ನೆಯ ಮೇಲ್ಗಡೆ ಅಡ್ಡ ಕಾಲುವೆ ತೋಡಿದ್ದರಿಂದ ಹರಿದು ಬರುವ ನೀರು ಎರಡು ಬದಿಗೆ ಸರಿಯುತ್ತದೆ. ತೆರೆದಿರುವ ಮುಂಬದಿಗೆ ಹುಲ್ಲು ಕಲಸಿ ವಾರ ಕೊಳೆಸಿದ ಕೆಸರಿನ ಗಿಲಾವು, ಅದರ ಮೇಲೆ ಸುಣ್ಣ. ನೆತ್ತಿಯಲ್ಲಿ ಗಾಳಿ ಆಡಲು 4 ಇಂಚಿನ ಪೈಪು.

ಬೀಜ ಈಗಲೂ ಅಲ್ಲಿ ಇಡುವುದಿಲ್ಲ. ಡ್ರಿಪ್ ಪೈಪು, ಸಲಿಕೆ, ಕುಡಿಯುವ ನೀರಿನ ಕೊಡ ಇರುತ್ತವೆ. ಮೇ ತಿಂಗಳ ಮಧ್ಯಾಹ್ನ ಬುತ್ತಿ ಬಿಚ್ಚುವುದೂ ಅಲ್ಲೇ. ಕಾಕಾ ಉಂಡು ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಟವೆಲ್ ಮುಖಕ್ಕೆ ಹಾಕಿಕೊಂಡು ನಾಲ್ಕರ ತನಕ ಮಲಗುತ್ತಾರೆ.