ಮಾಡ್ಯುಲರ್ ಸಿಂತ್‌ಗೆ ಮೂರು ಚಾನೆಲ್‌ಗಳ ಮಿಕ್ಸರ್

ಬಿಡಿ ಮಾಡ್ಯೂಲ್‌ಗಳನ್ನು ವೈರ್‌ನಿಂದ ಜೋಡಿಸಿ ದನಿ ಕಟ್ಟುವ ಎಲೆಕ್ಟ್ರಾನಿಕ್ ವಾದ್ಯವೇ ಮಾಡ್ಯುಲರ್ ಸಿಂತ್. ಅದರಲ್ಲಿ ಎರಡು ಆಸಿಲೇಟರ್‌ಗಳ (ದನಿ ಹುಟ್ಟಿಸುವ ಮಾಡ್ಯೂಲ್‌ಗಳ) ಔಟ್‌ಪುಟ್ ವೈರ್‌ಗಳನ್ನು ನೇರವಾಗಿ ಕೂಡಿಸಬೇಡಿ. ಒಂದರ ಔಟ್‌ಪುಟ್ ಇನ್ನೊಂದನ್ನು ಎಳೆದಾಡುತ್ತದೆ. ನಡುವೆ ಬರೀ ರೆಸಿಸ್ಟರ್ ಹಾಕಿದರೆ ದನಿಗಳು ಬೆರೆಯುತ್ತವೆ ನಿಜ, ಆದರೆ ಮಟ್ಟ ಕುಸಿಯುತ್ತದೆ, ಒಂದು ನಾಬ್ ತಿರುಗಿಸಿದರೆ ಪಕ್ಕದ ಚಾನೆಲ್ಲೂ ಏರಿಳಿಯುತ್ತದೆ. ಒಂದು ಟಿಎಲ್072 ಆಪ್-ಆಂಪ್ (ಒಳಗೆ ಎರಡು ವರ್ಧಕಗಳಿರುವ ಚಿಪ್) ಹಾಕಿದರೆ ಈ ತೊಂದರೆ ಇರುವುದಿಲ್ಲ.

ಇಲ್ಲಿ ಹೇಳುವುದು ±12 ವೋಲ್ಟ್‌ನ ಯೂರೋರ‍್ಯಾಕ್ ಎಂಬ ಮಾಡ್ಯುಲರ್ ಮಾದರಿಗೆ. ಬೇಕಾದದ್ದು: ಟಿಎಲ್072 ಒಂದು, ಅದಕ್ಕೆ 8 ಪಿನ್‌ನ ಸಾಕೆಟ್, 100 ಕಿಲೋಓಮ್ ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್) ಮೂರು, 1% ಮೆಟಲ್ ಫಿಲ್ಮ್ 100 ಕಿಲೋಓಮ್ ರೆಸಿಸ್ಟರ್ ಆರು, 1 ಕಿಲೋಓಮ್ ಒಂದು, 47 ಪಿಕೋಫ್ಯಾರಡ್ ಸೆರಾಮಿಕ್ ಒಂದು, 100 ನ್ಯಾನೋಫ್ಯಾರಡ್ ಎರಡು, 10 ಮೈಕ್ರೋಫ್ಯಾರಡ್ 25 ವೋಲ್ಟ್ ಎಲೆಕ್ಟ್ರೋಲಿಟಿಕ್ ಎರಡು, 1ಎನ್5817 ಡಯೋಡ್ ಎರಡು, ಸ್ವಿಚ್ ಇರುವ 3.5 ಮಿ.ಮೀ. ಮೋನೋ ಜ್ಯಾಕ್ ನಾಲ್ಕು.

ಮೊದಲು ಪವರ್. +12ರ ದಾರಿಯಲ್ಲಿ ಡಯೋಡ್‌ನ ಪಟ್ಟಿ ಸರ್ಕ್ಯೂಟ್ ಕಡೆಗಿರಲಿ, −12ರ ದಾರಿಯಲ್ಲಿ ಸಪ್ಲೈ ಕಡೆಗೆ. ರಿಬ್ಬನ್ ಕೇಬಲ್ ತಿರುವುಮುರುವಾದರೆ ಚಿಪ್ ಉಳಿಯುವುದು ಈ ಎರಡು ಡಯೋಡ್‌ಗಳಿಂದಲೇ. ಡಯೋಡ್ ದಾಟಿದ ಮೇಲೆ +12ನ್ನು ಪಿನ್ 8ಕ್ಕೆ, −12ನ್ನು ಪಿನ್ 4ಕ್ಕೆ ಕೊಡಿ. ಎರಡೂ ಪಿನ್‌ಗಳಿಗೆ ಅಂಟಿಕೊಂಡಂತೆ 100 ನ್ಯಾನೋಫ್ಯಾರಡ್ ಅನ್ನು ಗ್ರೌಂಡ್‌ಗೆ ಹಾಕಿ. ಎಲೆಕ್ಟ್ರೋಲಿಟಿಕ್‌ಗಳೂ ಹಾಗೆಯೇ, ಆದರೆ −12 ಕಡೆಯದರ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು. ಉಲ್ಟಾ ಕೂರಿಸಿದರೆ ಸಿಡಿಯಬಹುದು.

ಮೂರೂ ಚಾನೆಲ್‌ಗೆ ಒಂದೇ ಕ್ರಮ: ಇನ್‌ಪುಟ್ ಜ್ಯಾಕ್‌ನ ಟಿಪ್ ಪಾಟ್‌ನ ಒಂದು ತುದಿಗೆ, ಇನ್ನೊಂದು ತುದಿ ಗ್ರೌಂಡ್‌ಗೆ, ನಡುವಿನ ಕಾಲಿನಿಂದ 100 ಕಿಲೋಓಮ್ ಮೂಲಕ ಪಿನ್ 2ಕ್ಕೆ. ಮುಂದಿನಿಂದ ನೋಡುವಾಗ, ಕಾಲುಗಳು ಕೆಳಗಿದ್ದರೆ, ಎಡಗಾಲು ಗ್ರೌಂಡ್. ಆಗ ಬಲಕ್ಕೆ ತಿರುಗಿಸಿದಂತೆ ದನಿ ಏರುತ್ತದೆ. ಜ್ಯಾಕ್‌ನ ಸ್ವಿಚ್ ಕಾಲನ್ನೂ ಗ್ರೌಂಡ್ ಮಾಡಿ, ಇಲ್ಲವಾದರೆ ಖಾಲಿ ಇನ್‌ಪುಟ್ ಗುಂಯ್‌ಗುಡುವ ಹಮ್ ಹಿಡಿಯಬಹುದು. ಪಿನ್ 3 ಗ್ರೌಂಡ್. ಪಿನ್ 1 ಮತ್ತು 2ರ ನಡುವೆ ಒಂದು 100 ಕಿಲೋಓಮ್, ಅದಕ್ಕೆ ಸಮಾನಾಂತರವಾಗಿ, ಅದೇ ಎರಡು ಪಿನ್‌ಗಳ ನಡುವೆ, 47 ಪಿಕೋಫ್ಯಾರಡ್. ಆಪ್-ಆಂಪ್ ಪಿನ್ 2ನ್ನು ಸದಾ ಶೂನ್ಯ ವೋಲ್ಟ್‌ನಲ್ಲೇ ಹಿಡಿದಿಡುತ್ತದೆ. ಮೂರು ಚಾನೆಲ್‌ಗಳು ಒಂದರ ತಂಟೆಗೆ ಒಂದು ಹೋಗದಿರುವುದು ಇದರಿಂದಲೇ.

ಪಿನ್ 1ರಲ್ಲಿ ಸಿಗ್ನಲ್ ತಲೆಕೆಳಗಾಗಿರುತ್ತದೆ. ಕಿವಿಗೆ ಇದು ಗೊತ್ತಾಗದಿದ್ದರೂ ಎನ್ವೆಲಪ್ (ಏರಿ ಇಳಿಯುವ ನಿಯಂತ್ರಣ ಸಿಗ್ನಲ್) ಕಳಿಸಿದರೆ ಫಿಲ್ಟರ್ ತೆರೆಯುವ ಬದಲು ಮುಚ್ಚುತ್ತದೆ. ಅದನ್ನು ಮತ್ತೆ ನೆಟ್ಟಗೆ ಮಾಡಲು ಪಿನ್ 1ರಿಂದ 100 ಕಿಲೋಓಮ್ ಪಿನ್ 6ಕ್ಕೆ, ಪಿನ್ 6 ಮತ್ತು 7ರ ನಡುವೆ ಇನ್ನೊಂದು, ಪಿನ್ 5 ಗ್ರೌಂಡ್‌ಗೆ. ಪಿನ್ 7ರಿಂದ 1 ಕಿಲೋಓಮ್ ದಾಟಿ ಔಟ್‌ಪುಟ್ ಜ್ಯಾಕ್. ಸಿಗ್ನಲ್ ಹೋಗುವ ದಾರಿಯಲ್ಲಿ ಎಲ್ಲೂ ಕೆಪ್ಯಾಸಿಟರ್ ಅಡ್ಡ ಬರಬಾರದು, ಬಂದರೆ ನಿಧಾನದ ಕಂಟ್ರೋಲ್ ವೋಲ್ಟೇಜ್ (ಬೇರೆ ಮಾಡ್ಯೂಲ್‌ಗಳನ್ನು ನಡೆಸುವ ವೋಲ್ಟೇಜ್) ದಾಟುವುದಿಲ್ಲ.

ಚಿಪ್ ಕೂರಿಸುವ ಮುಂಚೆಯೇ ಸಾಕೆಟ್‌ನ 8 ಮತ್ತು 4ನೇ ಪಿನ್ ಅಳೆಯಿರಿ: +12, −12ರ ಆಸುಪಾಸು ಇರಬೇಕು. ಕೂರಿಸಿದ ಮೇಲೆ, ಜ್ಯಾಕ್‌ಗಳಿಗೆ ಏನೂ ಚುಚ್ಚದೆ, ಪಿನ್ 7 ಶೂನ್ಯದ ಹತ್ತಿರ, ಕೆಲವು ಹತ್ತು ಮಿಲಿವೋಲ್ಟ್ ಒಳಗಿರಬೇಕು. 10 ವೋಲ್ಟ್‌ಗೆ ಹೋಗಿ ನಿಂತಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರ್‌ನ ಬೆಸುಗೆ ಬಿಟ್ಟಿದೆಯೇ ಎಂದು ಮೊದಲು ನೋಡಿ.

ಮೂರೂ ನಾಬ್ ಪೂರ್ತಿ ಏರಿಸಿದಾಗ ದನಿ ಒಡೆಯುವುದು ಬೆಸುಗೆಯ ತಪ್ಪಲ್ಲ. ±5 ವೋಲ್ಟ್‌ನ ಮೂರು ಸಿಗ್ನಲ್ ಸೇರಿದರೆ ±15. ಚಿಪ್ ಕೊಡಬಲ್ಲದ್ದು ಸುಮಾರು ±10. ಧ್ವನಿಗಷ್ಟೇ ಬಳಸುವುದಾದರೆ ಪಿನ್ 1–2ರ ನಡುವಿನ 100 ಕಿಲೋಓಮ್ ತೆಗೆದು 47 ಕಿಲೋಓಮ್ ಹಾಕಿ. ಪಾಟ್ ಕೂಡ ಧ್ವನಿಗೆ ಲಾಗ್, ಕಂಟ್ರೋಲ್ ವೋಲ್ಟೇಜ್‌ಗೆ ಲೀನಿಯರ್. ಡೋಪ್ಫರ್ ಕಂಪನಿಯ ಎ-138 ಮಿಕ್ಸರ್‌ನಲ್ಲಿ ಲೀನಿಯರ್‌ಗೆ ಎ, ಲಾಗ್‌ಗೆ ಬಿ ಎಂದು ಎರಡು ಬಗೆ ಇರುವುದು ಇದಕ್ಕೇ.

ಪಿಚ್ ವೋಲ್ಟೇಜ್ (ಸ್ವರದ ಎತ್ತರ ನಿರ್ಧರಿಸುವ ವೋಲ್ಟೇಜ್) ಕೂಡಿಸಲು ಮಾತ್ರ ಇದನ್ನು ನೆಚ್ಚಬೇಡಿ. ಪಾಟ್ ಪೂರ್ತಿ ಏರಿಸಿದಾಗ ಇನ್‌ಪುಟ್‌ನ ಪ್ರತಿರೋಧ 50 ಕಿಲೋಓಮ್. ಮುಂಚಿನ ಮಾಡ್ಯೂಲ್‌ನ ಔಟ್‌ಪುಟ್‌ನಲ್ಲಿ 1 ಕಿಲೋಓಮ್ ಇದ್ದರೆ ಸುಮಾರು 2% ಅಲ್ಲೇ ಸೋರಿಹೋಗುತ್ತದೆ. ಅಂದರೆ ಪ್ರತಿ ಆಕ್ಟೇವ್‌ಗೆ ಹತ್ತಿರ ಹತ್ತಿರ 24 ಸೆಂಟ್ (ಒಂದು ಆಕ್ಟೇವ್‌ಗೆ 1200 ಸೆಂಟ್) ಅಪಸ್ವರ.